ಕಿವಿ ಕಾಯುವ ಓಕೆಸೆನೆ

ಅವತೇಲೆ ಊರಿನ ಕಡಲಿಗೆ ಇನ್ನೂ ಬೆಳಕು ಬಿದ್ದಿಲ್ಲ. ಬಂಡೆಸಾಲಿನ ಆಚೆ ತಿಮಿಂಗಿಲವೊಂದು ದೊಡ್ಡದಾಗಿ ಉಸಿರು ಬಿಡುತ್ತದೆ. ಈಚೆ, ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ, ಓಕೆಸೆನೆ ಉಸಿರು ಹಿಡಿದು ಕೂತಿದ್ದಾರೆ. ಎಡಗೈ ಬೆರಳುಗಳ ನಡುವೆ ನಾಲ್ಕಾಣೆಯಷ್ಟಗಲದ ಬಿಲ್ಲೆ, ಬಲಗೈಯಲ್ಲಿ ಸಣ್ಣ ಅರ. ಉಜ್ಜುತ್ತಾರೆ, ಪುಡಿ ಊದುತ್ತಾರೆ, ಬಿಲ್ಲೆಯ ಅಂಚನ್ನು ಕೆಳದುಟಿಯ ಮೇಲೆ ಎಳೆದು ನೋಡುತ್ತಾರೆ, ಮತ್ತೆ ಉಜ್ಜುತ್ತಾರೆ. "ಬೆರಳು ಸುಳ್ಳು ಹೇಳುತ್ತೆ, ಅದಕ್ಕೆ ದಡ್ಡುಗಟ್ಟಿದೆ. ತುಟಿ ಹೇಳಲ್ಲ" ಎನ್ನುತ್ತಾರೆ.

ಬಿಲ್ಲೆಗಳು ಎರಡು. ಒಂದು ಕಿವಿಹಾಲೆಯ ಮುಂದೆ, ಇನ್ನೊಂದು ಹಿಂದೆ. ನಡುವೆ ಬಿಗಿ ಮಾಡುವ ಪುಟ್ಟ ತಿರುಪು. ಕೆಲಸ ಮುಗಿದೊಡನೆ ಅದನ್ನು ತಮ್ಮದೇ ಕಿವಿಗೆ ಹಾಕಿಕೊಂಡು ಚಹಾ ಕುಡಿಯಲು ಕೂರುತ್ತಾರೆ. ಬಟ್ಟಲು ಖಾಲಿಯಾದ ಮೇಲೆ ಹೆಂಡತಿಯನ್ನು ಕೂಗುತ್ತಾರೆ. "ಹಿವಾ, ಟಾರ್ಚ್ ತಗೊಂಡು ಬಾ. ಬಿಳಿಚಿಕೊಂಡಿದೆಯಾ ನೋಡು."

ಅಹೊಹಿವ ಟಾರ್ಚ್ ಹಿಡಿದು ಗಂಡನ ಕಿವಿಯನ್ನು ಮಾರುಕಟ್ಟೆಯ ಮೀನು ನೋಡುವಂತೆ ಅತ್ತಿತ್ತ ತಿರುಗಿಸುತ್ತಾರೆ. "ಕಿವಿ ಚೆನ್ನಾಗಿದೆ. ಹೇಳಿದ್ದು ಕೇಳಿಸಿಕೊಳ್ಳಲ್ಲ ಅನ್ನೋದೊಂದೇ ದೋಷ."

ಹಾಲೆ ಬಿಳಿಚಿದರೆ ಬಿಗಿ ಹೆಚ್ಚಾಯಿತು, ರಕ್ತ ಓಡುತ್ತಿಲ್ಲ ಎಂದರ್ಥ. ಕ್ಲಿಪ್ಪು ಜಾರಿದರೆ ಬಿಗಿ ಸಾಲದು. ಎರಡರ ನಡುವಿನ ಹದ ಬರುವ ತನಕ ಓಕೆಸೆನೆ ಚಹಾ ಕುಡಿಯುತ್ತಲೇ ಇರುತ್ತಾರೆ. ದೋಣಿ ಹೊತ್ತು ಕಡಲಿಗಿಳಿಯುವ ಹುಡುಗರಿಗೆ ಇದು ದಿನದ ಮೊದಲ ಮನರಂಜನೆ.

"ಏನ್ ಓಕೆ ಮಾಮ, ಒಂದೇ ಕಿವಿಗೆ ಓಲೆ? ಇನ್ನೊಂದು ಯಾರಿಗೆ ಕೊಟ್ಟೆ?"

"ನಿಮ್ಮಮ್ಮನ್ನ ಕೇಳ್ರೋ" ಎಂದು ಒಳಗಿನಿಂದ ಉತ್ತರ ಬರುತ್ತದೆ. ಉತ್ತರ ಕೊಟ್ಟದ್ದು ಓಕೆಸೆನೆಯಲ್ಲ, ಅಹೊಹಿವ.

ಸರ್ಕಾರದ ಪ್ರಕಾರ ಓಕೆಸೆನೆ ರಾಜಧಾನಿ ಅಲೋಫಿಯ ಆಸ್ಪತ್ರೆಯಲ್ಲಿ ಹಲ್ಲಿನ ಸೆಟ್ಟು ಮಾಡುವವರು. ನಿಯುಯೆ ದ್ವೀಪದ ಮುದುಕ ಮುದುಕಿಯರು ಇಂದು ಗೆಡ್ಡೆ ಅಗಿಯುತ್ತಿದ್ದರೆ, ಭಾನುವಾರ ಹಾಡುವಾಗ ಪದಗಳು ತೊದಲದೆ ಬರುತ್ತಿದ್ದರೆ, ಅದು ಅವರ ಕೈಗುಣ. ಆದರೆ ಮನಸ್ಸು ನೆಟ್ಟಿರುವುದು ಹಲ್ಲಿಗಿಂತ ಒಂದು ಗೇಣು ಪಕ್ಕಕ್ಕೆ. ಈ ದ್ವೀಪದ ಬಹುಪಾಲು ಜನ ಆಕ್ಲೆಂಡ್ ಸೇರಿ ಅಲ್ಲಿನವರ ಅಡ್ಡಹೆಸರಿನಂತೆ 'ಕಿವಿ'ಗಳಾಗಿದ್ದಾರೆ; ಇಲ್ಲೇ ಉಳಿದವರ ಕಿವಿಗಳನ್ನು ಓಕೆಸೆನೆ ನೋಡಿಕೊಳ್ಳುತ್ತಾರೆ. "ಹಲ್ಲು ಹೊಟ್ಟೆಪಾಡು, ಕಿವಿ ಮನೆಪಾಡು" ಎನ್ನುವುದು ಅವರ ಲೆಕ್ಕ. ಊರಿಗೆಲ್ಲ ಅವರು 'ಓಕೆ'. ಹೆಸರು ಓಕೆಯಾದರೂ ಬಾಯಲ್ಲಿ ಸದಾ ಬರುವ ಮಾತು 'ಆಗಲ್ಲ'. ಸ್ನಾನಕ್ಕೆ ಕ್ಲಿಪ್ಪು ತೆಗೆದು ಆಮೇಲೆ ಮರೆಯಬಹುದೇ ಎಂದರೆ ಆಗಲ್ಲ. ಮಲಗುವಾಗ ತೆಗೆದಿಡಲೇ ಎಂದರೆ ಆಗಲ್ಲ. ವಾಸಿಯಾದಂತಿದೆ, ಬಿಟ್ಟುಬಿಡಲೇ ಎಂದರೆ ಖಂಡಿತಾ ಆಗಲ್ಲ.

ಊರವರು ಅದನ್ನು ಗಂಟು ಅನ್ನುತ್ತಾರೆ, ಡಾಕ್ಟರು ಕೆಲಾಯ್ಡ್ ಅನ್ನುತ್ತಾರೆ. ಗಾಯ ಮಾಗಬೇಕು, ಮಾಗಿದ ಮೇಲೆ ಚರ್ಮ ಸುಮ್ಮನಾಗಬೇಕು. ಕೆಲವರ ಚರ್ಮಕ್ಕೆ ಆ ಸುಮ್ಮನಾಗುವ ಬುದ್ಧಿ ಇಲ್ಲ. ಗಾಯದ ಗಡಿ ದಾಟಿ ಬೆಳೆಯುತ್ತದೆ, ಉಬ್ಬುತ್ತದೆ, ಹೊಳೆಯುತ್ತದೆ, ತುರಿಸುತ್ತದೆ. ಪ್ರಾಣಕ್ಕೆ ಅಪಾಯವಿಲ್ಲ, ಅಂಟುರೋಗವೂ ಅಲ್ಲ. ಕತ್ತರಿಸಿ ತೆಗೆದರೆ ಮುಗಿಯಿತು ಎನ್ನುವಂತೆಯೂ ಇಲ್ಲ, ಏಕೆಂದರೆ ಕತ್ತರಿಸಿದ್ದೂ ಒಂದು ಗಾಯವೇ. ಬರೀ ಕತ್ತರಿಸಿ ಬಿಟ್ಟರೆ ಗಂಟು ಅಣ್ಣತಮ್ಮಂದಿರನ್ನೂ ಕರೆದುಕೊಂಡು ಬರುತ್ತದೆ. ಅದಕ್ಕೇ ಈಗ ಆಸ್ಪತ್ರೆಯ ಡಾಕ್ಟರ್ ಸೆರೆಯಾನ ಅವರು ಗಂಟಿಗೆ ಸೂಜಿಮದ್ದು ಕೊಟ್ಟು ಮೆತ್ತಗಾಗಿಸುತ್ತಾರೆ. ದೊಡ್ಡದಿದ್ದರೆ ಹಡಗಿನ ಹಾಗೆ ಅಪರೂಪಕ್ಕೆ ಬರುವ ಶಸ್ತ್ರವೈದ್ಯರು ಕತ್ತರಿಸುತ್ತಾರೆ. ಹೊಲಿಗೆ ಮಾಗಿದೊಡನೆ ಓಕೆಸೆನೆಯ ಕ್ಲಿಪ್ಪು ಹಗಲೂ ರಾತ್ರಿ ಒತ್ತಿ ಹಿಡಿಯುತ್ತದೆ. ತಿಂಗಳುಗಟ್ಟಲೆ. ಕೆಲವರಿಗೆ ವರ್ಷ ದಾಟುತ್ತದೆ. "ಡಾಕ್ಟರಮ್ಮ ಕಳ್ಳನ್ನ ಓಡಿಸ್ತಾರೆ. ನಾನು ಬಾಗಿಲಿಗೆ ಒರಗಿಕೊಂಡು ನಿಂತ್ಕೋತೀನಿ, ಅಷ್ಟೇ."

ಆ ಬಾಗಿಲಿಗೆ ಅವರು ಮೊದಲು ಒರಗಿದ್ದು ಅಹೊಹಿವಳಿಗಾಗಿ.

ಅಹೊಹಿವ ಮತ್ತು ಅಕ್ಕ ಫಾಪೊಯಿಯ ಕಿವಿ ಚುಚ್ಚಿದ್ದು ಒಂದೇ ದಿನ. ಆಗ ಅವತೇಲೆಯ ಪ್ರತಿ ಮನೆಯಲ್ಲೂ ದೀಪ ಇತ್ತು. ಈಗ ಬಳ್ಳಿ ನುಗ್ಗಿ ಕಿಟಕಿಯಿಂದ ತಲೆ ಹೊರಹಾಕಿರುವ ಮನೆಗಳೆಲ್ಲ ಅಂದು ಮಕ್ಕಳಿಂದ ಗಿಜಿಗುಡುತ್ತಿದ್ದವು. ಹೆಣ್ಣುಮಕ್ಕಳ ಕಿವಿ ಚುಚ್ಚುವ ಹಬ್ಬವೆಂದರೆ ಊರೆಲ್ಲ ನೆಂಟರು. ಹಿಂದಿನ ದಿನವೇ ಅಡುಗೆ ಬೇಯಿಸಲು ನೆಲದ ಕುಳಿಗಳಲ್ಲಿ ಕಲ್ಲು ಕಾಯುತ್ತಿತ್ತು. ಹೊಗೆ ಕಡಲಿನ ಮೇಲೆ ಹಾಸಿಕೊಂಡು, ದೋಣಿಯಲ್ಲಿದ್ದವರಿಗೂ ಯಾರ ಮನೆಯ ಹಂದಿ ಬೇಯುತ್ತಿದೆ ಎಂದು ವಾಸನೆಯಲ್ಲೇ ತಿಳಿಯುತ್ತಿತ್ತು. ಹೊಸ ಚಾಪೆಗಳ ರಾಶಿಯ ಮೇಲೆ ಅಕ್ಕತಂಗಿ ಅಕ್ಕಪಕ್ಕ ಕೂತಿದ್ದರು. ಸೋದರತ್ತೆ ನಿಂಬೆಮುಳ್ಳಿನಿಂದ ಚುಚ್ಚಿದಳು. ಹಾಡು, ನಗು, ಅಳು, ಗೆಡ್ಡೆಯ ಗುಡ್ಡ, ಊರಿಗೆಲ್ಲ ಮಾಂಸದ ಪಾಲು.

"ಆ ಗೆಡ್ಡೆಯ ರಾಶಿ ನನ್ನ ಎತ್ತರ ಇತ್ತು. ಆಚೆ ಕಡೆ ಕೂತಿದ್ದ ಅಪ್ಪ ಕಾಣಿಸ್ತಿರಲಿಲ್ಲ, ಅವನ ಹಾಡು ಮಾತ್ರ ಕೇಳಿಸ್ತಿತ್ತು" ಎಂದು ಅಹೊಹಿವ ಈಗಲೂ ಕಣ್ಣರಳಿಸುತ್ತಾರೆ. ಕಿವಿ ಕೊಟ್ಟು ಕಷ್ಟಪಟ್ಟವರಿಗೂ ಆ ಹಬ್ಬದ ಮೇಲೆ ಮುನಿಸಿಲ್ಲ.

ಫಾಪೊಯಿಯ ಕಿವಿ ವಾರದಲ್ಲಿ ಮಾಗಿತು. ಅಹೊಹಿವಳದ್ದೂ ಮಾಗಿತು, ಆದರೆ ನಿಲ್ಲಲಿಲ್ಲ. ಮೊದಲು ಮೆಣಸುಕಾಳು, ಆಮೇಲೆ ಕಡಲೆ, ಆಮೇಲೆ ಹುಣಸೆಬೀಜ, ಹೈಸ್ಕೂಲು ಮುಗಿಯುವ ಹೊತ್ತಿಗೆ ಎರಡೂ ಕಡೆ ನೆಲ್ಲಿಕಾಯಿ. ಗಾಯ ಹಸಿ ಇರುವಾಗ ತೆಂಗಿನೇಡಿ, ಅಂದರೆ ತೆಂಗಿನಕಾಯಿ ಒಡೆದು ತಿನ್ನುವ ದೊಡ್ಡ ಏಡಿ, ತಿನ್ನಬಾರದು ಎಂಬುದು ಆ ಮನೆಯ ನಂಬಿಕೆ. ಫಾಪೊಯಿ ಆಗಲೇ ತೀರ್ಪು ಕೊಟ್ಟಳು: "ಒಂದೇ ಮುಳ್ಳು, ಒಂದೇ ದಿನ, ಒಂದೇ ತಾಯಿ. ನಂಗೇನೂ ಆಗ್ಲಿಲ್ಲ. ಇವಳು ಕದ್ದು ಏಡಿ ತಿಂದಿದ್ದಾಳೆ." ಇಲ್ಲ ಎಂದು ಅತ್ತರೂ ತೀರ್ಪು ಬದಲಾಗಲಿಲ್ಲ. ಮದುವೆ, ಮಕ್ಕಳು, ಮೊಮ್ಮಕ್ಕಳು ಆದ ಮೇಲೂ ಊಟಕ್ಕೆ ತೆಂಗಿನೇಡಿ ಬಂದಾಗಲೆಲ್ಲ ಫಾಪೊಯಿ ತಂಗಿಯ ಕಡೆ ನೋಡಿ ಕೆಮ್ಮುತ್ತಿದ್ದಳು.

ಅಹೊಹಿವ ಕೇದಗೆ ಗರಿಯಲ್ಲಿ ಟೋಪಿ ಹೆಣೆಯಲು ಕಲಿತರು. ಎಲ್ಲರೂ ಭಾನುವಾರದ ಪ್ರಾರ್ಥನೆಗೆ ಟೋಪಿ ಹೆಣೆದರೆ, ಇವರು ಹೆಣೆದದ್ದು ಕಿವಿಗೆ. ಅಂಚು ಅಗಲ, ಎರಡೂ ಬದಿಗೆ ಇಳಿಜಾರು, ಮನೆಯ ಮಾಡಿನ ಹಾಗೆ. ಒಮ್ಮೆ ಅಲೋಫಿಯ ಹಡಗುಕಟ್ಟೆಯಲ್ಲಿ ಗಾಳಿಗೆ ಆ ಟೋಪಿ ಹಾರಿತು. ಓಡಿಹೋಗಿ ಹಿಡಿದು ತಂದ ಯುವಕ ಓಕೆಸೆನೆ.

"ನೋಡಿದ್ದಾಯ್ತಾ?" ಎಂದು ಅಹೊಹಿವ ಸಿಡುಕಿದರಂತೆ.

"ಆಯ್ತು. ದಿನವೆಲ್ಲ ಜನರ ಬಾಯೊಳಗೆ ನೋಡ್ತೀನಿ. ಅದಕ್ಕಿಂತ ಇದೆಷ್ಟೋ ವಾಸಿ."

ಈ ಭೂಮಿಯ ಮೇಲೆ ಯಾವ ಗಂಡಸೂ ಹೀಗೆ ಹೆಣ್ಣು ಕೇಳಿರಲಾರ. ಆದರೂ ಮದುವೆಯಾಯಿತು.

ಮದುವೆಯ ನಂತರ ಅಹೊಹಿವ ಆಕ್ಲೆಂಡಿಗೆ ಹೋಗಿ ಗಂಟು ತೆಗೆಸಿಕೊಂಡು ಬಂದರು. ವಿಮಾನದಿಂದ ಇಳಿದದ್ದು ಟೋಪಿಯಿಲ್ಲದೆ. ಆ ಸುಖ ಒಂದು ಮಳೆಗಾಲ ಬಾಳಿತು. ಮತ್ತೆ ತುರಿಕೆ, ಮತ್ತೆ ಮೆಣಸುಕಾಳು. ಈ ಸಲ ಗಂಟು ಹಳೆಯದನ್ನು ಮೀರಿಸಿತು. ಟೋಪಿಯ ಅಂಚು ಇನ್ನೆರಡು ಬೆರಳು ಅಗಲವಾಯಿತು. ಆಮೇಲೆ ದ್ವೀಪಕ್ಕೆ ಬಂದ ಒಬ್ಬ ಶಸ್ತ್ರವೈದ್ಯರು ಹೇಳಿದರು: ಮತ್ತೆ ಕತ್ತರಿಸೋಣ, ಸೂಜಿಮದ್ದೂ ಕೊಡೋಣ, ಆದರೆ ಒತ್ತಿ ಹಿಡಿಯುವುದಕ್ಕೆ ಏನಾದರೂ ಬೇಕು. ಕತ್ತರಿಸಿದ್ದಾಯಿತು, ಆದರೆ ಪೇಟೆಯಿಂದ ತರಿಸಿದ ಕ್ಲಿಪ್ಪು ಯಾರದೋ ಕಿವಿಗೆ ಮಾಡಿದ್ದು. ಇವರ ಕಿವಿಯಲ್ಲಿ ಅದು ಸಂಜೆಯೊಳಗೆ ಜಾರುತ್ತಿತ್ತು.

"ವಸಡಿನ ಅಚ್ಚು ತೆಗೀತೀನಿ. ಕಿವಿದು ತೆಗೆಯೋಕೆ ಏನು ರೋಗ?" ಎನಿಸಿತಂತೆ ಓಕೆಸೆನೆಗೆ. ಹಲ್ಲಿನ ಸೆಟ್ಟು ಮಾಡುವ ಅದೇ ಸಾಮಾನಿನಿಂದ ಹೆಂಡತಿಯ ಕಿವಿಯ ಅಚ್ಚಿಗೆ ತಕ್ಕ ಬಿಲ್ಲೆ ಎರಕ ಹೊಯ್ದರು. ಆ ಸಾಮಾನಿಗೆ ಒಂದೇ ಬಣ್ಣ, ವಸಡಿನ ಗುಲಾಬಿ. ಹಾಕಿಕೊಂಡು ಕನ್ನಡಿ ನೋಡಿದ ಅಹೊಹಿವ ಹೇಳಿದ್ದು: "ಹಲ್ಲೂ ಕೂರಿಸಿಬಿಡು. ಎರಡು ಕಿವಿಯಿಂದಲೂ ನಗ್ತೀನಿ." ಬೈದರು, ಆದರೆ ಬಿಚ್ಚಲಿಲ್ಲ. ವರ್ಷ ಕಳೆಯಿತು, ಗಂಟು ಬರಲಿಲ್ಲ. ಎರಡು ವರ್ಷ ಕಳೆಯಿತು, ಬರಲಿಲ್ಲ. ಸುದ್ದಿ ಟೋಪಿಯ ಕೆಳಗಿನಿಂದ ಹೊರಬಿದ್ದು ಹಳ್ಳಿಯಿಂದ ಹಳ್ಳಿಗೆ ಹೋಯಿತು. ಒಬ್ಬೊಬ್ಬರಾಗಿ ಬಂದರು, ಕೂದಲು ಮುಂದಕ್ಕೆ ಎಳೆದುಕೊಂಡು, ಹಲ್ಲು ನೋವು ಎಂಬ ನೆಪ ಮಾಡಿಕೊಂಡು.

ಆದರೆ ಬೇರೆಯವರ ಗಂಟುಗಳು ಮರಳಿ ಬರತೊಡಗಿದವು. ಕ್ಲಿಪ್ಪು ಸರಿ ಇದೆ, ಅಳತೆ ಸರಿ ಇದೆ, ಮತ್ತೇಕೆ? ಓಕೆಸೆನೆಗೆ ಉತ್ತರ ಸಿಕ್ಕಿದ್ದು ಇಗರ್ಜಿಯಲ್ಲಿ. ಹಾಡಲು ಎದ್ದ ಹೆಂಗಸರ ಕಿವಿಗಳತ್ತ ಕಣ್ಣಾಡಿಸಿದರೆ ಒಂದರಲ್ಲೂ ಕ್ಲಿಪ್ಪಿಲ್ಲ. ಬಿಳಿ ಉಡುಪು, ಹೊಸ ಟೋಪಿ, ಇದರ ಜೊತೆ ವಸಡಿನ ಬಣ್ಣದ ಪ್ಲಾಸ್ಟಿಕ್ಕಿನಲ್ಲಿ ದೇವರ ಮುಂದೆ ನಿಲ್ಲುವುದುಂಟೇ? ಶನಿವಾರ ಸಂಜೆ ತೆಗೆದಿಡುವುದು, ಭಾನುವಾರ ಊಟ, ಮಧ್ಯಾಹ್ನದ ನಿದ್ದೆ, ಸಂಜೆಯ ಪ್ರಾರ್ಥನೆ. ಸೋಮವಾರ ಹುಡುಕಿದರೆ ಕ್ಲಿಪ್ಪು ಸಿಗದು, ಗುರುವಾರ ಕೋಳಿಗೂಡಿನ ಹತ್ತಿರ ಸಿಗುತ್ತದೆ. ಅವರ ನೆಪಗಳನ್ನು ಓಕೆಸೆನೆ ಒಬ್ಬೊಬ್ಬರ ದನಿಯಲ್ಲೇ ಆಡಿ ತೋರಿಸುತ್ತಾರೆ. ಪಾದ್ರಿಯ ಹೆಂಡತಿಯ ಜೇನಿನ ದನಿ: "ಓಕೇ, ನಾನೆಲ್ಲಿ ತೆಗ್ದೆ? ಅದಾಗೇ ಇಳೀತು, ದೇವದೂತರು ಇಳಿದ ಹಾಗೆ." ಅಂಗಡಿಯಾಕೆಯ ಬಿರುಸು ದನಿ: "ಒತ್ತಿದ್ರೆ ಕೇಳಿಸಲ್ಲ ಕಣಯ್ಯ, ಗಿರಾಕಿ ಉದ್ರಿ ಕೇಳಿದ್ದೂ ಕೇಳಿಸಲ್ಲ!" ಅಂದವರೆಲ್ಲ ಎದುರಿಗೇ ಕೂತು ಈ ಅಣಕ ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಕ್ಕರೆ ಗಂಟು ಕರಗುವುದಿಲ್ಲವಲ್ಲ.

ಬೈದು ಪ್ರಯೋಜನವಿಲ್ಲ ಎಂದು ತಿಳಿದದ್ದು ಅಹೊಹಿವಳಿಗೆ. "ಭಾನುವಾರ ತೆಗೀತಾರೆ ಅಂದ್ರೆ, ಭಾನುವಾರಕ್ಕೇ ಹಾಕ್ಕೋಬೇಕು ಅನ್ನೋ ಹಾಗೆ ಮಾಡು" ಎಂದು ತಮ್ಮ ಹಿಹಿ ಸರವನ್ನೇ ಕಿತ್ತು ಕೊಟ್ಟರು. ಮಳೆ ಬಿದ್ದ ಮಾರನೆಯ ದಿನ ಪೊದೆಗಳಲ್ಲಿ ಆಯುವ, ಅಕ್ಕಿಕಾಳಿನಷ್ಟು ಪುಟ್ಟ ಬಸವನಹುಳುವಿನ ಹಳದಿ ಚಿಪ್ಪುಗಳು ಅವು. ಇಲ್ಲಿ ಚಿನ್ನಕ್ಕಿಂತ ಅವಕ್ಕೇ ಮರ್ಯಾದೆ. ಓಕೆಸೆನೆ ಮುಂದಿನ ಬಿಲ್ಲೆಯ ತುಂಬ ಚಿಪ್ಪುಗಳನ್ನು ಹೂವಿನ ಹಾಗೆ ಕೂರಿಸಿದರು. ಹಿಂದಿನ ಬಿಲ್ಲೆ ಗುಲಾಬಿಯೇ ಇರಲಿ, ಅದನ್ನು ನೋಡುವವರು ಹಿಂದಿನ ಸಾಲಿನವರು ತಾನೇ. ಮುಂದಿನ ಭಾನುವಾರ ಇಗರ್ಜಿಯಲ್ಲಿ ಕಿವಿಕಿವಿಗೂ ಹಳದಿ ಹೂವು. ಗಂಟೇ ಇಲ್ಲದ ಹೆಂಗಸರು ಬಂದು "ನಂಗೂ ಒಂದು ಗಂಟಿದೆ ಅಂತ ಬರ್ಕೊಂಡುಬಿಡು ಓಕೆ" ಎಂದು ದುಂಬಾಲು ಬಿದ್ದರು. ಅವರಿಗೆ ಎಂದಿನ ಉತ್ತರ: ಆಗಲ್ಲ.

ಇಷ್ಟೆಲ್ಲ ಕಿವಿ ಉಳಿಸಿದವರಿಗೆ ಅತಿ ಕಷ್ಟದ ಕಿವಿ ಎದುರಾದದ್ದು ಈ ಜುಲೈಯಲ್ಲಿ, ಮನೆಯಲ್ಲೇ. ಆ ಕಿವಿಯಲ್ಲಿ ಇನ್ನೂ ತೂತೇ ಇರಲಿಲ್ಲ.

ಅಹೊಹಿವಳ ತಮ್ಮನ ಮಗ ವಿಲಿಸೋನಿ ಆಕ್ಲೆಂಡಿನಿಂದ ಸಂಸಾರ ಸಮೇತ ಬಂದ. ಮಗಳು ಲೋಸಳ ಕಿವಿ ಚುಚ್ಚುವ ಹಬ್ಬವನ್ನು ಅಜ್ಜನ ಅಂಗಳದಲ್ಲೇ ಮಾಡಬೇಕು, ಹಳೆಯ ಕಾಲದ ಹಾಗೆ ಮಾಡಬೇಕು. ಅದಕ್ಕಾಗಿ ವರ್ಷಗಟ್ಟಲೆ ಹಂದಿ ಸಾಕಿಸಿದ್ದ, ಗೆಡ್ಡೆ ನೆಡಿಸಿದ್ದ. ಚುಚ್ಚುವ ಗೌರವ ಮನೆಯ ಹಿರಿಯಳಾದ ಫಾಪೊಯಿಗೆ. ಆಕ್ಲೆಂಡ್ ಸೇರಿದ್ದ ಆಕೆಯೂ ಅದೇ ವಿಮಾನದಲ್ಲಿ ಬಂದಿಳಿದಳು, ಕಿವಿಯಲ್ಲಿ ದೊಡ್ಡ ಮುತ್ತು ತೂಗಾಡಿಸಿಕೊಂಡು. ನೆಂಟರು ಬಂದರು, ಮುಚ್ಚಿದ ಮನೆಗಳ ಬಾಗಿಲು ತೆರೆದವು. ಎಷ್ಟೋ ವರ್ಷದ ಮೇಲೆ ಅವತೇಲೆಯಲ್ಲಿ ಸಂಜೆ ಮಕ್ಕಳನ್ನು ಊಟಕ್ಕೆ ಕೂಗುವ ದನಿಗಳು ಕೇಳಿದವು. ಅಹೊಹಿವ ಟೋಪಿ ಹೆಣೆಯುವುದನ್ನು ಬಿಟ್ಟು ಮೆಟ್ಟಿಲ ಮೇಲೆ ಕೂತು ಸುಮ್ಮನೆ ಆ ಕೂಗು ಕೇಳುತ್ತಿದ್ದರು.

ಹಬ್ಬಕ್ಕೆ ಎರಡು ದಿನವಿರುವಾಗ ಲೋಸ ಕಡಲಲ್ಲಿ ಮಿಂದು ಓಡಿಬಂದಳು. ಒದ್ದೆ ಅಂಗಿಯ ತೋಳಿನ ಕೆಳಗೆ, ಕೂಸಾಗಿದ್ದಾಗ ಲಸಿಕೆ ಹಾಕಿದ ಜಾಗ ಓಕೆಸೆನೆಯ ಕಣ್ಣಿಗೆ ಬಿತ್ತು. ಎಲ್ಲರಿಗೂ ಅಲ್ಲಿ ಒಂದು ಗುಳಿ ಇರುತ್ತದೆ. ಇವಳಿಗೆ ಉಬ್ಬಿತ್ತು, ಹೊಳೆಯುತ್ತಿತ್ತು, ಹುಣಸೆಬೀಜದಷ್ಟು.

"ತುರಿಸುತ್ತಾ ಮಗಾ?"

"ಯಾವಾಗ್ಲೂ" ಎಂದಳು ಲೋಸ, ತುರಿಸಿಕೊಳ್ಳುತ್ತಲೇ.

ಮರುದಿನ ಡಾಕ್ಟರ್ ಸೆರೆಯಾನ ಅವರೂ ನೋಡಿ, ಇದು ಗಂಟೇ ಎಂದರು. ಕಿವಿ ಚುಚ್ಚಿದರೆ ಬಂದೇ ಬರುತ್ತದೆ ಎಂದು ಬರೆದುಕೊಡಲಾರೆ, ಆದರೆ ಈ ಚರ್ಮ, ಈ ಮನೆತನ ನೋಡಿದರೆ ನನ್ನ ಮಗಳಾಗಿದ್ದರೆ ಚುಚ್ಚಿಸುತ್ತಿರಲಿಲ್ಲ ಎಂದೂ ಹೇಳಿದರು. ಅಷ್ಟು ಹೊತ್ತಿಗೆ ಅಂಗಳದಲ್ಲಿ ಚಪ್ಪರ ಎದ್ದಿತ್ತು, ಕುಳಿ ತೋಡಿದ್ದಾಗಿತ್ತು. ಓಕೆಸೆನೆ ಹೋಗಿ ತಮ್ಮ ಒಂದು ಪದ ಹೇಳಿದರು.

"ಆಗಲ್ಲ ಅಂದ್ರೆ?" ಫಾಪೊಯಿ ಎದ್ದು ನಿಂತಳು. "ಊರಿಗೆಲ್ಲ ಹೇಳಿದ್ದಾಗಿದೆ. ಪಾಲು ಹಂಚಬೇಕು. ಕಿವಿ ಚುಚ್ಚದೆ ಹಂದಿ ಹಂಚಿದ್ರೆ ಏನಂತಾರೆ? ಫಾಪೊಯಿ ಕರೆದು ಊಟ ಹಾಕಿ ಊರಿನ ಕಿವಿಗೇ ಹೂವಿಟ್ಲು ಅಂತಾರೆ!"

"ಅತ್ತೆ, ಹುಡುಗಿ ಕಿವಿ..." ವಿಲಿಸೋನಿ ಬಾಯಿ ತೆರೆದ.

"ನೀ ಸುಮ್ನಿರೋ. ಏನಾಗಲ್ಲ. ನಾನು ಕೂತು ಕಾಯ್ತೀನಿ. ಏಡಿ ತಿನ್ನೋಕೆ ಬಿಡಲ್ಲ. ನಂಗಾಯ್ತಾ? ಒಂದೇ ಮುಳ್ಳು, ಒಂದೇ ದಿನ. ಕದ್ದು ತಿಂದವರಿಗೆ ಆಯ್ತು."

ಅಂಗಳದಲ್ಲಿ ಗೆಡ್ಡೆ ಕೆರೆಯುತ್ತಿದ್ದ ಕೈಗಳು ನಿಂತವು. ಓಕೆಸೆನೆ ಹೆಂಡತಿಯ ಕಡೆ ತಿರುಗಿದರು.

ಅಹೊಹಿವ ಮೂಲೆಯಿಂದ ಎದ್ದು ಬಂದರು. ಲೋಸಳ ಎದುರು ಕೂತರು. ಟೋಪಿ ತೆಗೆದು ನೆಲದ ಮೇಲಿಟ್ಟರು. ಗಂಡ ಮತ್ತು ಡಾಕ್ಟರನ್ನು ಬಿಟ್ಟರೆ ಎಷ್ಟೋ ವರ್ಷದಿಂದ ಯಾರೂ ನೋಡಿರದ ಕಿವಿಗಳು. ಗಂಟಿಲ್ಲ. ಹಾಲೆಯೂ ಅರ್ಧ ಇಲ್ಲ. ಎರಡು ಸಲ ಕತ್ತರಿಸಿದ, ವರ್ಷಗಟ್ಟಲೆ ಒತ್ತಿದ ಜಾಗ ನಯವಾಗಿ, ಯಾರೋ ಕಚ್ಚಿ ಬಿಟ್ಟ ರೊಟ್ಟಿಯಂಚಿನ ಹಾಗೆ ಇದೆ.

"ಮುಟ್ಟು."

ಲೋಸ ಮುಟ್ಟಿದಳು. "ನೋವಾಗುತ್ತಾ ಅಜ್ಜಿ?"

"ಈಗಿಲ್ಲ. ನಿನ್ನ ವಯಸ್ಸಲ್ಲಿ ಆಗ್ತಿತ್ತು. ನೋವಿಗಿಂತ ತುರಿಕೆ. ನಿನ್ನ ತೋಳು ತುರಿಸುತ್ತಲ್ಲ, ಹಾಗೆ. ಆದ್ರೆ ಇದು ಮುಖದ ಪಕ್ಕದಲ್ಲಿ, ಎಲ್ಲರೂ ನೋಡೋ ಕಡೆ." ಆಮೇಲೆ ಅಕ್ಕನ ಕಡೆ ತಿರುಗಿದರು. ದನಿ ಏರಿಸಲಿಲ್ಲ. "ಅಕ್ಕಾ, ನಾನು ಅವತ್ತು ಏಡಿ ತಿಂದಿರಲಿಲ್ಲ. ತಿಂದಿದ್ರೆ ಅದರ ರುಚಿಯಾದ್ರೂ ನೆನಪಿರ್ತಿತ್ತು."

ಫಾಪೊಯಿ ತಂಗಿಯ ಕಿವಿಗಳನ್ನು ನೋಡುತ್ತ ನಿಂತಳು. ಒಡಹುಟ್ಟಿದ ಅಕ್ಕನೂ ಅವನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಸೂಜಿಯನ್ನು ಕೈಚೀಲದ ತಳಕ್ಕೆ ತುರುಕಿದಳು. ಕೊನೆಗೆ ಹೇಳಿದ್ದು ಇಷ್ಟೇ:

"ಮತ್ತೆ ಹಂದಿ?"

"ಹಂದಿಗೇನಾಗಿದೆ? ತಿನ್ನೋಣ" ಎಂದರು ಅಹೊಹಿವ. "ಚುಚ್ಚೋ ಬದಲು ನೀನೇ ನಿನ್ನ ಕೈಯಾರೆ ಓಲೆ ಹಾಕು. ಓಕೆ ಮಾಡ್ಕೊಡ್ತಾನೆ."

ಓಕೆಸೆನೆ ಸಂಜೆಯೆಲ್ಲ ಶೆಡ್ಡಿನಲ್ಲಿ ಕೂತರು. ಜೀವಮಾನವಿಡೀ ಬಿಗಿಯಾಗಿ ಒತ್ತುವುದನ್ನು ಕಲಿತ ಕೈಗೆ, ಒತ್ತದೆ ನಿಲ್ಲುವ ಕ್ಲಿಪ್ಪು ಸುಲಭವಲ್ಲ. ಸಡಿಲವಾದರೆ ಬೀಳುತ್ತದೆ, ಬಿಗಿಯಾದರೆ ಹಬ್ಬದ ದಿನ ಹುಡುಗಿ ಅಳುತ್ತಾಳೆ. ತಿರುಪು ತೆಗೆದು ಹಾಕಿ ತೆಳ್ಳನೆಯ ತಂತಿ ಬಾಗಿಸಿದರು. ಚಿಪ್ಪುಗಳನ್ನು ಅಹೊಹಿವ ಆರಿಸಿ ಕೊಟ್ಟರು.

ಶನಿವಾರ ಚಪ್ಪರ ತುಂಬಿತ್ತು. ಲೋಸ ಚಾಪೆಗಳ ರಾಶಿಯ ಮೇಲೆ ಕೂತಳು. ಪಾದ್ರಿ ಪ್ರಾರ್ಥಿಸಿದರು. ಹೆಂಗಸರು ಹಾಡಿದರು, ಹಳೆಯ ಹಾಡು ಮರೆತ ಆಕ್ಲೆಂಡಿನವರು ಬಾಯಾಡಿಸಿದರು. ಫಾಪೊಯಿ ಮುಂದೆ ಬಂದಳು. ಚಿಪ್ಪಿನ ಹೂವಿನ ಕ್ಲಿಪ್ಪುಗಳನ್ನು ಎತ್ತಿಕೊಂಡಳು. ಒಂದು ಕಿವಿಗೆ ಹಾಕಿದಳು, ಇನ್ನೊಂದಕ್ಕೂ ಹಾಕಿದಳು.

ಹಿಂದಿನಿಂದ ಯಾವನೋ ಕೂಗಿದ: "ತೂತೆಲ್ಲಿ ಅತ್ತೆ, ತೂತು ಕಾಣಿಸ್ತಿಲ್ಲ?"

"ತೂತು ಬೇಕಿದ್ರೆ ನಿನ್ನ ದೋಣೀಲಿ ಹುಡ್ಕೋ ಹೋಗೋ!" ಎಂದಳು ಫಾಪೊಯಿ, ತಿರುಗಿಯೂ ನೋಡದೆ. ಚಪ್ಪರ ಹಾರುವಷ್ಟು ನಗು ಎದ್ದಿತು. ಪಾಲು ಹಂಚಿದರು. ಫಾಪೊಯಿ ಒಂದು ಇಡೀ ತೆಂಗಿನೇಡಿಯನ್ನು ತಂದು ತಂಗಿಯ ಎಲೆಯ ಮೇಲಿಟ್ಟಳು. ಕೆಮ್ಮಲಿಲ್ಲ. ತಾನೇ ಕಲ್ಲಿನಿಂದ ಒಡೆದು ಕೊಟ್ಟಳು.

ಸೋಮವಾರ ಓಕೆಸೆನೆ ಮತ್ತೆ ಆಸ್ಪತ್ರೆಯಲ್ಲಿದ್ದಾರೆ. ಒಬ್ಬ ಅಜ್ಜನ ಮೇಲ್ದವಡೆಯ ಅಚ್ಚು ಒಣಗುತ್ತಿದೆ, ಪಾದ್ರಿಯ ಹೆಂಡತಿಯ ಕ್ಲಿಪ್ಪಿನ ತಿರುಪು ಸವೆದಿದೆ. ವಿಮಾನ ಬಂದು ನೆಂಟರನ್ನು ಹೇರಿಕೊಂಡು ಹೋಗಿದೆ, ಅವತೇಲೆಯ ಬಾಗಿಲುಗಳು ಮತ್ತೆ ಮುಚ್ಚಿವೆ. ನಿವೃತ್ತಿಗೆ ಹೆಚ್ಚು ಕಾಲವಿಲ್ಲ. ಏನಾದರೂ ಆಸೆ ಉಳಿದಿದೆಯೇ ಎಂದರೆ ಯೋಚಿಸಿ ಹೇಳುತ್ತಾರೆ: "ಲೋಸಳ ಕಿವಿ ಯಾವತ್ತೂ ನನ್ನ ಬೆಂಚಿಗೆ ಬರಬಾರದು. ಅಷ್ಟೇ."

ಅರ ಎತ್ತಿಕೊಂಡು ಎರಡು ಸಲ ಉಜ್ಜಿ, ಪುಡಿ ಊದಿ, ಮತ್ತೆ ಹೇಳುತ್ತಾರೆ: "ಇಷ್ಟು ವರ್ಷ ಒತ್ತಿದ್ದೇ ಒತ್ತಿದ್ದು. ಆ ಹುಡುಗಿ ಕ್ಲಿಪ್ಪು ಒಂದೇ ನೋಡಿ, ಏನನ್ನೂ ಒತ್ತದೆ ಸುಮ್ನೆ ಹೊಳೀತಾ ಇರೋದು. ಅದನ್ನೂ ನಾನೇ ಮಾಡಿದ್ದು."